ಏಣಿ, ತಂತಿ ಮತ್ತು ಮೊದಲ ಹತ್ತು ನಿಮಿಷ: ಕೊಡಗಿನ ಮೆಣಸಿನ ತೋಟದ ಒಂದು ಪ್ರಕರಣ

ಕೊಡಗಿನಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದ ಹಾಗೆ ಕಾಳುಮೆಣಸಿನ ಕೊಯ್ಲು ಶುರುವಾಗುತ್ತದೆ. ಮೆಣಸಿನ ಬಳ್ಳಿ ಎತ್ತರದ ಮರಗಳಿಗೆ ಹಬ್ಬಿರುವುದರಿಂದ ಆಗ ತೋಟದಲ್ಲಿ ಎಲ್ಲಿ ನೋಡಿದರೂ ಏಣಿ. ಮುಂಚೆ ಬಿದಿರಿನ ಏಣಿ ಇತ್ತು. ಈಗ ಹಗುರ, ಬಾಳಿಕೆ ಜಾಸ್ತಿ ಅಂತ ಅಲ್ಯೂಮಿನಿಯಂ ಏಣಿ ಬಂದಿದೆ. ಉದ್ದದ ಏಣಿಯನ್ನು ಪ್ರತಿ ಮರಕ್ಕೂ ಮಲಗಿಸಿ ಮತ್ತೆ ಎತ್ತಿ ನಿಲ್ಲಿಸುವುದು ಕಷ್ಟದ ಕೆಲಸ. ಹಾಗಾಗಿ ನಿಂತ ಏಣಿಯನ್ನೇ ಹಿಡಿದು ಮುಂದಿನ ಮರಕ್ಕೆ ಸರಿಸುತ್ತಾರೆ. ಅಪಾಯ ಇರುವುದು ಆ ನಾಲ್ಕು ಹೆಜ್ಜೆಯಲ್ಲಿ. ಕಣ್ಣು ಕೆಳಗೆ ಕಾಫಿ ಗಿಡದ ಮೇಲೆ ಇರುತ್ತದೆ. ಕರೆಂಟ್ ತಂತಿ ಮೇಲೆ ಸಿಲ್ವರ್ ಓಕ್ ಎಲೆಗಳ ಮರೆಯಲ್ಲಿ ಇರುತ್ತದೆ. ಏಣಿ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿಗೆ ಹೊಸದಲ್ಲ.

ಇಲ್ಲಿ ಬರೆಯುತ್ತಿರುವುದು ಹಾಗೆ ಬಿದ್ದು ಬದುಕಿ ಬಂದ ಒಬ್ಬನ ವಿಷಯ. ತೋಟ ಸಿದ್ದಾಪುರ ಕಡೆಯದು. ಅವನ ಹೆಸರು, ತೋಟದ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಅಲ್ಲಿದ್ದವರ ಜೊತೆ ಕೂತು ಮಾತಾಡಿ, ಅವರ ಫೋನುಗಳ ಕಾಲ್ ಲಿಸ್ಟ್ ನೋಡಿ ಸಮಯ ಜೋಡಿಸಿದ್ದೇನೆ. ಊರವರಿಗೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವುದನ್ನು, ಹೇಳಿಕೊಡುವ ಕೆಲಸದಲ್ಲಿ ನಾನೂ ಕೈಜೋಡಿಸಿದವನು. ಅದಕ್ಕೇ ಈ ಪ್ರಕರಣದ ಒಂದೊಂದು ನಿಮಿಷವೂ ನನಗೆ ಮುಖ್ಯ ಅನ್ನಿಸಿತು.

ಬೆಳಿಗ್ಗೆ ಹನ್ನೊಂದು ದಾಟಿತ್ತು. ಮೂವತ್ತು ದಾಟಿದ ಸ್ಥಳೀಯ ಕೆಲಸಗಾರ, ಏಣಿ ಕೆಲಸದಲ್ಲಿ ಪಳಗಿದವನು, ನಿಂತ ಏಣಿಯನ್ನು ಒಬ್ಬನೇ ಸರಿಸುತ್ತಿದ್ದ. ಅದರ ತುದಿ ಕೆಲಸಗಾರರು ಇರುವ ಲೈನ್ ಮನೆಗಳಿಗೆ ಹೋಗುವ, ಕಡಿಮೆ ವೋಲ್ಟೇಜಿನ ಎಲ್‌ಟಿ ತಂತಿಗೆ ತಾಗಿತು. ಆತ ಕೂಗಲೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮೈ ಸೆಟೆದು ಹಿಂದಕ್ಕೆ ಬಿದ್ದ. ಏಣಿ ಪಕ್ಕಕ್ಕೆ ವಾಲಿ ಕಾಫಿ ಗಿಡಗಳ ಮೇಲೆ ಮಲಗಿತು.

ಎಲ್ಲರೂ ಅವನ ಕಡೆ ಓಡಿದರು. ಮೇಸ್ತ್ರಿ ಕೈ ಅಡ್ಡ ಹಿಡಿದು, "ಏ, ಯಾರೂ ಮುಟ್ಬೇಡ್ರೋ, ಮೇಲೆ ನೋಡ್ರೋ" ಅಂತ ಕೂಗಿದರು. ತಂತಿ ಹರಿದಿಲ್ಲ, ಏಣಿ ತಂತಿಗೆ ತಾಗಿಲ್ಲ, ಅವನ ಕೈ ಏಣಿಯಿಂದ ಬಿಟ್ಟಿದೆ. ಇಷ್ಟನ್ನು ನೋಡಿಕೊಂಡೇ ಹತ್ತಿರ ಬಿಟ್ಟರು. ಆ ಅರ್ಧ ನಿಮಿಷ ದಂಡ ಅಲ್ಲ. ಅವರು ತಡೆಯದೇ ಇದ್ದಿದ್ದರೆ ಇನ್ನೂ ಇಬ್ಬರು ಬೀಳುವ ಸಾಧ್ಯತೆ ಇತ್ತು. ಏಣಿ ಇನ್ನೂ ತಂತಿಗೆ ತಾಗಿಕೊಂಡಿದ್ದರೆ ಲೈನ್ ಆಫ್ ಮಾಡಿಸುವವರೆಗೆ ದೂರ ನಿಲ್ಲಲೇಬೇಕು. 11 ಕೆವಿ, ಅಂದರೆ 11 ಸಾವಿರ ವೋಲ್ಟ್‌ನ ಲೈನ್ ಆದರಂತೂ ಒಣ ಬಿದಿರನ್ನೂ ನಂಬುವ ಹಾಗಿಲ್ಲ.

ಆದರೆ ಅದರ ಮುಂದಿನ ಸುಮಾರು ಮೂರು ನಿಮಿಷ ನಿಜಕ್ಕೂ ಕೈತಪ್ಪಿ ಹೋಯಿತು. ಒಬ್ಬರು ಮುಖಕ್ಕೆ ನೀರು ಹಾಕಿದರು. ಒಬ್ಬರು ಅಂಗಾಲು ಉಜ್ಜಿದರು. ಕೈಕಾಲು ಒಂದೆರಡು ಸಲ ಅದುರಿದ್ದನ್ನು ಕಂಡು ಫಿಟ್ಸ್ ಅಂದುಕೊಂಡು ಯಾರೋ ಬೀಗದ ಕೈ ಹಿಡಿಸಿದರು. ಕರೆಂಟ್ ಹೊಡೆದವನ ಮೈಯಲ್ಲಿ ಕರೆಂಟ್ ಉಳಿದಿರುತ್ತದೆ ಎಂದು ಒಬ್ಬರು ಮುಟ್ಟಲೇ ಇಲ್ಲ. ತಂತಿಯಿಂದ ಬಿಟ್ಟ ಮೇಲೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಇದನ್ನು ಪ್ರತಿ ತೋಟದಲ್ಲೂ ಕೊಯ್ಲಿನ ಮೊದಲ ದಿನವೇ ಹೇಳಬೇಕು.

ಎಲ್ಲಕ್ಕಿಂತ ಮೋಸ ಮಾಡಿದ್ದು ಉಸಿರು. ಆತ ಬಾಯಿ ತೆರೆದು, ಗೊರಕೆಯಂಥ ಶಬ್ದ ಮಾಡಿ ಒಮ್ಮೆ ಎಳೆದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. "ಉಸಿರಿದೆ, ಉಸಿರಿದೆ, ಗಾಡಿ ತನ್ನಿ" ಅಂತ ಪಿಕಪ್ ಹತ್ತಿರ ತಂದರು. ಅದು ಉಸಿರಲ್ಲ. ಹೃದಯ ನಿಂತ ಮೇಲೂ ಮೊದಲ ಕೆಲವು ನಿಮಿಷ ಮಿದುಳಿನ ಬುಡ ಹೀಗೆ ಎಳೆಸುತ್ತದೆ. ಜನ ಇದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ನಾನು ತರಬೇತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡುವುದು ಇದೊಂದಕ್ಕೇ. ಭುಜ ತಟ್ಟಿ ಜೋರಾಗಿ ಕರೆದರೆ ಓಗೊಡುತ್ತಿಲ್ಲ, ಎದೆ ನಮ್ಮ ನಿಮ್ಮ ಹಾಗೆ ಏರಿಳಿಯುತ್ತಿಲ್ಲ. ಅಷ್ಟು ಸಾಕು, ಒತ್ತಲು ಶುರು ಮಾಡಿ. ನಾಡಿ ಹುಡುಕುತ್ತಾ ಕೂರಬೇಡಿ. ಗಾಬರಿಯಲ್ಲಿ ಕಲಿತವರಿಗೂ ಅದು ಸರಿಯಾಗಿ ಸಿಗುವುದಿಲ್ಲ.

ಇಬ್ಬರು ಕಂಕುಳಿಗೆ ಕೈ ಹಾಕಿ ಪಿಕಪ್‌ಗೆ ಎತ್ತುತ್ತಿದ್ದರು. ಅಷ್ಟರಲ್ಲಿ ತೋಟದ ಮಕ್ಕಳ ಮನೆ (ಕೆಲಸಗಾರರ ಮಕ್ಕಳನ್ನು ಬಿಡುವ ಜಾಗ) ನೋಡಿಕೊಳ್ಳುವ ಅಕ್ಕ ಟೀ ಕೆಟಲ್ ಹಿಡಿದು ಅಲ್ಲಿಗೆ ಬಂದರು. ನಲವತ್ತು ದಾಟಿದ ಹೆಂಗಸು. ಪಂಚಾಯಿತಿ ಹಾಲ್‌ನಲ್ಲಿ ಅರ್ಧ ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಒಮ್ಮೆ ಹೋಗಿದ್ದರು, ಅಷ್ಟೇ. ಕೆಟಲ್ ಕೆಳಗಿಟ್ಟು, "ಕೆಳಗಿಳಿಸಿ ಅಣ್ಣ, ಇಲ್ಲೇ ಒತ್ಬೇಕು, ಗಾಡೀಲಿ ಆಗಲ್ಲ" ಅಂದರು. ಮೊದಲು ಯಾರೂ ಕೇಳಲಿಲ್ಲ. ಅವರು ಬಿದ್ದವನ ಅಂಗಿ ಹಿಡಿದು ಎಳೆದೇ ಬಿಟ್ಟರು.

ನನ್ನ ಪ್ರಕಾರ ಆತ ಬದುಕಿದ್ದು ಆ ಒಂದು ಕ್ಷಣದಿಂದ. ಪಿಕಪ್ ಹೊರಟಿದ್ದರೆ ಏನಾಗುತ್ತಿತ್ತು ಲೆಕ್ಕ ಹಾಕಿ ನೋಡಿ. ತೋಟದ ಒಳಗಿನ ಮಣ್ಣು ರಸ್ತೆ, ಆಮೇಲೆ ತಿರುವುಗಳ ಟಾರ್ ರಸ್ತೆ. ದೊಡ್ಡ ಆಸ್ಪತ್ರೆಗೆ ಅರ್ಧ ಗಂಟೆಯ ಮೇಲೆ. ರಕ್ತ ಸಿಗದೇ ಇದ್ದರೆ ಮಿದುಳಿಗೆ ನಾಲ್ಕರಿಂದ ಆರು ನಿಮಿಷದಲ್ಲಿ ಪೆಟ್ಟು ಬೀಳಲು ಶುರುವಾಗುತ್ತದೆ. ಯಾರೂ ಏನೂ ಮಾಡದೇ ಹೋದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಕುಲುಕುವ ಗಾಡಿಯ ಹಿಂದೆ ಮಡಿಲಲ್ಲಿ ತಲೆ ಇಟ್ಟುಕೊಂಡು ಕೂತರೆ ಪ್ರೀತಿ ಇರುತ್ತದೆ, ರಕ್ತ ಓಡುವುದಿಲ್ಲ. ಕೊಡಗಿನವರು ಸಹಾಯಕ್ಕೆ ಹಿಂದೆ ಮುಂದೆ ನೋಡುವವರಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ನಮ್ಮ ಸಹಾಯ ಅಂದರೆ ಜೀಪು ಹತ್ತಿಸಿ ಓಡಿಸುವುದು. ಹಾವು ಕಚ್ಚಿದರೆ, ಕಾಲು ಮುರಿದರೆ ಅದು ಸರಿ. ಹೃದಯ ನಿಂತವನಿಗೆ ಮಾತ್ರ ಬಿದ್ದ ಜಾಗವೇ ಆಸ್ಪತ್ರೆ.

ಆ ಅಕ್ಕ ಅವನ ಪಕ್ಕ ಮಂಡಿಯೂರಿದರು. ಎದೆಯ ಮಧ್ಯದ ಮೂಳೆಯ ಕೆಳಭಾಗಕ್ಕೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸಲಿಲ್ಲ. ತೋಳಿನ ಬಲದಿಂದ ಅಲ್ಲ, ಮೇಲಿಂದ ಮೈಭಾರ ಹಾಕಿ ಒತ್ತಿದರು. ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಒಳಗೆ ಹೋಗಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಬೇಕು, ಆಗಲೇ ಹೃದಯಕ್ಕೆ ರಕ್ತ ತುಂಬುವುದು. ಸುಸ್ತಾದವರು ಎದೆಯ ಮೇಲೆ ಒರಗಿಕೊಂಡೇ ಒತ್ತುತ್ತಾರೆ, ಅಲ್ಲಿ ತಪ್ಪುತ್ತದೆ. "ಬೊಂಬೆ ಮೇಲೆ ಮಾಡಿದ್ದೆ, ಮನುಷ್ಯನ ಮೇಲೆ ಇದೇ ಮೊದಲು. ಮೊದಲ ಸಲ ಒತ್ತಿದಾಗ ಟಕ್ ಅಂತು. ತರಬೇತಿಯ ಮೇಡಂ ಹೇಳಿದ್ದು ನೆನಪಾಯ್ತು, ನಿಲ್ಲಿಸಲಿಲ್ಲ" ಅಂದರು ನನ್ನ ಹತ್ತಿರ. ಟಕ್ ಅಂದದ್ದು ಪಕ್ಕೆಲುಬು. ಆಮೇಲೆ ಎಕ್ಸ್‌ರೇಯಲ್ಲಿ ಎರಡು ಬಿರುಕು ಕಂಡವು. ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಎರಡು ನಿಮಿಷಕ್ಕೆ ಅವರ ತೋಳು ಸೋತಿತು. ಇದು ಎಲ್ಲರಿಗೂ ಆಗುತ್ತದೆ, ಗಟ್ಟಿಮುಟ್ಟಾದವರಿಗೂ ಆಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು. ಪಿಕಪ್ ಚಾಲಕ ಮುಂದೆ ಬಂದ. ಆಮೇಲೆ ಅಸ್ಸಾಮಿನಿಂದ ಕೆಲಸಕ್ಕೆ ಬಂದಿದ್ದ ಇಬ್ಬರು ಹುಡುಗರು. ಅವರಿಗೆ ಕನ್ನಡ ಬಾರದು, ಅಕ್ಕನಿಗೆ ಅವರ ಭಾಷೆ ಬಾರದು. ಅಕ್ಕ ತಮ್ಮ ಕೈಯನ್ನು ಅವರ ಕೈ ಮೇಲಿಟ್ಟು ನಾಲ್ಕು ಸಲ ಒತ್ತಿಸಿ ಬಿಟ್ಟರು. ಹುಡುಗ "ಏಕ್, ದುಯ್, ತಿನಿ" ಅಂತ ಎಣಿಸುತ್ತಾ ಒತ್ತಿದ. ಪಕ್ಕದಲ್ಲಿ ಅಕ್ಕ ಚಪ್ಪಾಳೆ ತಟ್ಟಿ ವೇಗ ಹಿಡಿಸಿದರು. ಹೊಸಬರನ್ನು ಹೀಗೆ ಸ್ಥಳದಲ್ಲೇ ಸೇರಿಸಿಕೊಳ್ಳಬಹುದು ಅನ್ನುವುದು ನನಗೆ ಈ ಪ್ರಕರಣದಲ್ಲಿ ಕಂಡ ದೊಡ್ಡ ಸಂಗತಿ. ತೋಟದಲ್ಲಿ ಒಬ್ಬರು ಕಲಿತಿದ್ದರು. ನಾಲ್ವರು ಮಾಡಿದರು.

ಬದಲಾಗುವಾಗ ನಡುವೆ ಬಿಡುವು ಇರಬಾರದು. ಸ್ಪ್ರಿಂಕ್ಲರ್ ಮೋಟಾರ್ ನಿಲ್ಲಿಸಿದರೆ ಪೈಪಿನ ಒತ್ತಡ ಒಮ್ಮೆಲೇ ಇಳಿದು, ಮತ್ತೆ ಹಾಕಿದಾಗ ತುದಿಯ ಜೆಟ್ ತಿರುಗಲು ಹೊತ್ತು ಹಿಡಿಯುತ್ತದಲ್ಲ, ಹಾಗೇ ಇದು. ಕೈ ನಿಂತ ಕೂಡಲೇ ರಕ್ತದ ಒತ್ತಡ ಬೀಳುತ್ತದೆ, ಮತ್ತೆ ಏರಬೇಕಾದರೆ ಹಲವು ಸಲ ಒತ್ತಬೇಕಾಗುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಕಲಿತವರು 30 ಸಲ ಒತ್ತಿ 2 ಉಸಿರು ಕೊಡಬಹುದು. ನೀರಿನಲ್ಲಿ ಮುಳುಗಿದವರಿಗೆ, ಮಕ್ಕಳಿಗೆ, ಕರೆಂಟ್ ಹೊಡೆದವರಿಗೆ ಅದರ ಉಪಯೋಗ ಜಾಸ್ತಿ. ಬಾರದಿದ್ದರೆ ಬರೀ ಒತ್ತಿದರೂ ಸಾಕು. ನಮ್ಮ ದೇಶದ ಸಾಮಾನ್ಯ ಜನರಿಗೆಂದೇ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಮಾಡಿರುವ ಕ್ರಮದಲ್ಲೂ ಎದೆ ಒತ್ತುವುದು ಮಾತ್ರ ಇದೆ. ಅದಕ್ಕೆ ಕಾಲ್ಸ್ (COLS, ಕಂಪ್ರೆಷನ್ ಓನ್ಲಿ ಲೈಫ್ ಸಪೋರ್ಟ್) ಅನ್ನುತ್ತಾರೆ.

ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಕಾಫಿ ಕಣದವರೆಗೆ ಓಡಿ 108ಕ್ಕೆ ಫೋನ್ ಮಾಡಿದರು. ಹಾಗೇ ಸುತ್ತಲಿನ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. ಕೆಲವೇ ಕಿಲೋಮೀಟರ್ ದೂರದ ಒಂದು ರೆಸಾರ್ಟ್‌ನಲ್ಲಿ ಎಇಡಿ, ಅಂದರೆ ಎದೆಗೆ ಪ್ಯಾಡ್ ಅಂಟಿಸಿ ಹೃದಯಕ್ಕೆ ಶಾಕ್ ಕೊಡುವ ಡಬ್ಬಿಯಂಥ ಯಂತ್ರ, ಇತ್ತು. ಅಲ್ಲಿಯ ಹುಡುಗ ಅದನ್ನು ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಬಂದ. ಆಗ ಬಿದ್ದು ಸುಮಾರು ಹದಿನೇಳು ನಿಮಿಷ ಆಗಿತ್ತು.

ಎಇಡಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಜನರಿಗೆ ಇದರ ಭಯವೇ ಜಾಸ್ತಿ. ಕರೆಂಟ್ ಹೊಡೆದಾಗ ಹೃದಯ ಎಷ್ಟೋ ಸಲ ಪೂರ್ತಿ ನಿಲ್ಲುವುದಿಲ್ಲ, ಅಡ್ಡಾದಿಡ್ಡಿ ನಡುಗುತ್ತದೆ. ನಡುಗುವ ಹೃದಯದಿಂದ ರಕ್ತ ಹೊರಗೆ ಹೋಗುವುದಿಲ್ಲ. ಆ ನಡುಕವನ್ನು ಒಂದು ಅಳತೆಯ ಶಾಕ್ ಕೊಟ್ಟು ನಿಲ್ಲಿಸಿದರೆ ಹೃದಯ ತನ್ನ ತಾಳ ತಾನೇ ಹಿಡಿಯುವ ಅವಕಾಶ ಇದೆ. ಒತ್ತುವುದರಿಂದ ಮಿದುಳು ಉಳಿಯುತ್ತದೆ, ಆದರೆ ಆ ನಡುಕ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದಕ್ಕೆ ಶಾಕ್ ಬೇಕು. ಶಾಕ್ ಬೇಕೋ ಬೇಡವೋ ಅಂತ ನಿರ್ಧರಿಸುವುದು ಯಂತ್ರ, ನಾವಲ್ಲ. ಶಾಕ್ ಬೇಡದ ಹೃದಯಕ್ಕೆ ಗುಂಡಿ ಒತ್ತಿದರೂ ಅದು ಕೊಡುವುದಿಲ್ಲ.

ಬೈಕ್ ಹುಡುಗ ಡಬ್ಬಿ ತೆರೆದ ಕೂಡಲೇ ಯಂತ್ರ ಇಂಗ್ಲಿಷಿನಲ್ಲಿ ಮಾತಾಡಲು ಶುರು ಮಾಡಿತು. ಮಾತು ಪೂರ್ತಿ ತಿಳಿಯದಿದ್ದರೂ ಪ್ಯಾಡಿನ ಮೇಲೆ ಚಿತ್ರ ಇರುತ್ತದೆ. ಒಂದು ಬಲಗಡೆ ಕಾಲರ್ ಮೂಳೆಯ ಕೆಳಗೆ, ಇನ್ನೊಂದು ಎಡಗಡೆ ಕಂಕುಳಿನ ಕೆಳಗೆ ಪಕ್ಕೆಗೆ. ಅವನ ಎದೆಯೆಲ್ಲ ಬೆವರು, ಮುಖಕ್ಕೆ ಹಾಕಿದ ನೀರೂ ಇಳಿದಿತ್ತು. ಅಕ್ಕ ಸೆರಗಿನಿಂದ ಒರೆಸಿ, ಕೊರಳಿನ ತಾಯತ ಪಕ್ಕಕ್ಕೆ ಸರಿಸಿದರು. ಒದ್ದೆ ಎದೆಗೆ ಪ್ಯಾಡ್ ಸರಿಯಾಗಿ ಅಂಟುವುದಿಲ್ಲ. ಪ್ಯಾಡ್ ಅಂಟಿಸುವಾಗಲೂ ಚಾಲಕ ಒತ್ತುವುದನ್ನು ನಿಲ್ಲಿಸಿರಲಿಲ್ಲ, ಅದು ಬಹಳ ಸರಿ. ಯಂತ್ರ ಹೃದಯ ನೋಡುವಾಗ ಮಾತ್ರ ಎಲ್ಲರೂ ಕೈ ತೆಗೆದರು. ಶಾಕ್ ಬೇಕು ಅಂದಿತು. ಹುಡುಗ ಸುತ್ತ ನೋಡಿ, ಯಾರೂ ಮುಟ್ಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಮಿನುಗುವ ಗುಂಡಿ ಒತ್ತಿದ. ಮೈ ಒಮ್ಮೆ ಕುಲುಕಿತು.

ಇಲ್ಲಿ ಅನೇಕರು ಕೈಕಟ್ಟಿ ಏನಾಗುತ್ತದೆ ಅಂತ ನೋಡುತ್ತಾ ನಿಲ್ಲುತ್ತಾರೆ. ಹಾಗೆ ಮಾಡಬಾರದು. ಶಾಕ್ ಕೊಟ್ಟ ಕೂಡಲೇ ಮತ್ತೆ ಒತ್ತಬೇಕು. ಹೃದಯ ತಾಳಕ್ಕೆ ಬಂದರೂ ಶುರುವಿನಲ್ಲಿ ಅದಕ್ಕೆ ಬಲ ಇರುವುದಿಲ್ಲ. ಅಸ್ಸಾಮಿನ ಹುಡುಗ ಒತ್ತಿದ. ಎರಡು ನಿಮಿಷಕ್ಕೆ ಯಂತ್ರ ಮತ್ತೆ ನೋಡಿ ಶಾಕ್ ಬೇಡ ಅಂದಿತು. ಇನ್ನೂ ಸ್ವಲ್ಪ ಹೊತ್ತು ಒತ್ತಿದ ಮೇಲೆ ಬಿದ್ದವನು ಕೆಮ್ಮಿ, ಕೈ ಎತ್ತಿ ಹುಡುಗನ ಮಣಿಕಟ್ಟು ತಳ್ಳಿದ. ಆಗ ನಿಲ್ಲಿಸಿ, ಉಸಿರು ಸರಿಯಾಗಿ ಬರುತ್ತಿದೆಯೇ ನೋಡಿ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರು. ಪ್ಯಾಡ್ ಕೀಳಲಿಲ್ಲ. ಆಂಬುಲೆನ್ಸ್ ಬಂದದ್ದು ಬಿದ್ದು ಅರ್ಧ ಗಂಟೆ ದಾಟಿದ ಮೇಲೆ. ಆ ರಸ್ತೆಗೆ ಅದು ತಡ ಅಲ್ಲ. ಜಿಲ್ಲೆಯ ಆಸ್ಪತ್ರೆಯಲ್ಲಿ ನೋಡಿ, ಅಲ್ಲಿಂದ ಮೈಸೂರಿಗೆ ಕಳಿಸಿದರು. ಅಂಗೈಯಲ್ಲಿ, ಪಾದದಲ್ಲಿ ಸುಟ್ಟ ಗಾಯ ಇತ್ತು. ಒಳಗಿನ ಸ್ನಾಯು ಸುಟ್ಟಿದ್ದರೆ ಕಿಡ್ನಿಗೆ ತೊಂದರೆ ಅಂತ ಅದನ್ನೂ ಗಮನಿಸಿದರು. ಆತ ಮನೆಗೆ ಬಂದ. ಆ ದಿನದ್ದು ಏನೂ ನೆನಪಿಲ್ಲ, ಉಳಿದದ್ದೆಲ್ಲ ನೆನಪಿದೆ. ಹೆಂಡತಿ ಮಕ್ಕಳ ಹೆಸರು ಹಿಡಿದು ಕರೆಯುತ್ತಾನೆ.

ಎಲ್ಲ ಸರಿ ಮಾಡಿದರೂ ಎಲ್ಲರೂ ಬದುಕುವುದಿಲ್ಲ. ಇದನ್ನು ಮುಚ್ಚಿಡಬಾರದು. ಇಲ್ಲಿ ವಯಸ್ಸು ಚಿಕ್ಕದು, ಹೃದಯ ಮೊದಲು ಗಟ್ಟಿಯಾಗಿತ್ತು, ಯಂತ್ರ ಹತ್ತಿರ ಸಿಕ್ಕಿತು. ಆದರೆ ಈ ಮೂರೂ ಇದ್ದು, ಯಾರೂ ಒತ್ತದೇ ಹೋಗಿದ್ದರೆ ಯಂತ್ರ ಬರುವ ಹೊತ್ತಿಗೆ ನಡುಕವೂ ನಿಂತು ಹೋಗಿರುತ್ತಿತ್ತು. ಆಗ ಶಾಕ್‌ಗೆ ಕೆಲಸವೇ ಇರುತ್ತಿರಲಿಲ್ಲ.

ಎದೆ ಒತ್ತುವ ಈ ವಿದ್ಯೆ ಹುಟ್ಟಿದ್ದೇ ಕರೆಂಟ್ ತಂತಿಯಿಂದ ಅನ್ನುವುದು ಗೊತ್ತಾದಾಗ ನನಗೆ ಮೈ ಜುಮ್ಮೆಂದಿತ್ತು. ಅಮೆರಿಕದಲ್ಲಿ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುತ್ತಿದ್ದರು. ಅದಕ್ಕೆ ವಿದ್ಯುತ್ ಕಂಪನಿಗಳೇ ಹಣ ಕೊಟ್ಟು ಸಂಶೋಧನೆ ಮಾಡಿಸಿದವು. ಆ ಕೆಲಸದಲ್ಲಿ ತೊಡಗಿದ ವಿಲಿಯಂ ಕೌವೆನ್‌ಹೋವೆನ್ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವರ ಜೊತೆಗಿದ್ದ ಗೈ ನಿಕರ್‌ಬಾಕರ್, ಶಾಕ್ ಕೊಡುವ ಭಾರದ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಒತ್ತಿದಾಗಲೇ ರಕ್ತದ ಒತ್ತಡ ಏರುವುದನ್ನು ಗಮನಿಸಿದರು. ಸರ್ಜನ್ ಜೇಮ್ಸ್ ಜೂಡ್ ಸೇರಿ ಮೂವರೂ 1960ರಲ್ಲಿ ಬರೆದ ಲೇಖನದಲ್ಲಿ, ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು, ಎರಡು ಕೈ ಇದ್ದರೆ ಸಾಕು ಅಂದರು. ಡಾಕ್ಟರರಿಗೆ ಮಾತ್ರ ಅಂತ ಅವತ್ತೂ ಹೇಳಿರಲಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ನಮ್ಮ ರಾಜ್ಯದ ಜನ ಹೃದಯ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಇಸಿಜಿ ಇವತ್ತು ಸರಿ ಇದ್ದವರು ನಾಳೆ ಮದುವೆ ಮನೆಯಲ್ಲಿ ಬೀಳಬಹುದು. ಆಗ ಪಕ್ಕದಲ್ಲಿ ಕಲಿತವರು ಬೇಕು. ಅದಕ್ಕೆ ಅರ್ಧ ದಿನ, ಒಂದು ಬೊಂಬೆ ಸಾಕು.

ತರಬೇತಿಗಳಲ್ಲಿ ಪ್ರತಿ ಸಲ ಬರುವ ಪ್ರಶ್ನೆ, "ಒತ್ತಿದ ಮೇಲೆ ಸತ್ರೆ ಕೇಸ್ ನಮ್ ಮೇಲೆ ಬರಲ್ವಾ?" ಈ ತೋಟದಲ್ಲೂ ಒಬ್ಬರು ಹಿಂದೆ ಸರಿದದ್ದು ಇದೇ ಭಯಕ್ಕೆ. ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವನ ಒಳಿತಿಗಾಗಿ ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಸೆಕ್ಷನ್ ಬೇರೆ ಇದೆ. ಇನ್ನೊಂದು ಅಳುಕು ಹೆಂಗಸರು ಬಿದ್ದಾಗ. ಎದೆಗೆ ಕೈ ಹಾಕುವುದು ಹೇಗೆ ಅಂತ ಗಂಡಸರು ಹಿಂಜರಿಯುತ್ತಾರೆ. ಒತ್ತುವುದು ಎದೆಯ ಮಧ್ಯದ ಮೂಳೆಯನ್ನು. ಇದನ್ನು ಹೆಂಗಸರೇ ಎದ್ದು ನಿಂತು ಹೇಳಿದಾಗ ಸಭೆಯ ಬಿಗುಮಾನ ಸಡಿಲವಾಗುತ್ತದೆ.

ಯಂತ್ರಗಳ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಲಕ್ಷ ರೂಪಾಯಿಯ ಆಸುಪಾಸಿನ ಈ ಡಬ್ಬಿಯನ್ನು ಆಸ್ಪತ್ರೆಯ ಪಕ್ಕ ಇಟ್ಟರೆ ಹೊರಗಿನವರಿಗೆ ಪ್ರಯೋಜನ ಕಡಿಮೆ. ಕೊಡಗಿನಲ್ಲಿ ಅದು ಇರಬೇಕಾದ್ದು ಆಸ್ಪತ್ರೆಯಿಂದ ದೂರ ಇರುವ, ರಾತ್ರಿಯೂ ಯಾರಾದರೂ ಎಚ್ಚರ ಇರುವ ಜಾಗದಲ್ಲಿ. ಕುಟ್ಟ, ಶ್ರೀಮಂಗಲ, ಭಾಗಮಂಡಲದಂಥ ಕಡೆ ಪೆಟ್ರೋಲ್ ಬಂಕ್, ಪೊಲೀಸ್ ಠಾಣೆ, ದೊಡ್ಡ ಹೋಂಸ್ಟೇ. ಕೊಡವ ಸಮಾಜಗಳ ಕಲ್ಯಾಣ ಮಂಟಪದಲ್ಲಿ ಇರಲೇಬೇಕು. ಮದುವೆ ದಿನ ಅಲ್ಲಿ ವಯಸ್ಸಾದವರು ಎಷ್ಟು ಜನ ಸೇರುತ್ತಾರೆ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳ ತಂಡಗಳಿದ್ದವು. ಚಿಕ್ಕ ಹುಡುಗರ ಜೊತೆ ಐವತ್ತು ದಾಟಿದವರೂ ಬಿಸಿಲಲ್ಲಿ ಓಡುತ್ತಾರೆ. ಅಂಥ ಮೈದಾನದ ಬದಿಯಲ್ಲಿ ಡಬ್ಬಿ ಕಣ್ಣಿಗೆ ಕಾಣುವ ಹಾಗೆ ಇರಬೇಕು, ಬೀರುವಿನಲ್ಲಿ ಬೀಗ ಹಾಕಿ ಅಲ್ಲ. ಪ್ಯಾಡ್, ಬ್ಯಾಟರಿ ಎರಡಕ್ಕೂ ಅವಧಿ ಇರುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬರ ಹೆಸರು ಬರೆದಿಡದಿದ್ದರೆ ಬೇಕಾದ ದಿನ ಅದು ಓಡುವುದಿಲ್ಲ.

ಆ ತೋಟದಲ್ಲಿ ಈಗ ತಂತಿ ಹಾದು ಹೋಗುವ ಸಾಲಿನ ಮರಗಳಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಅಲ್ಲಿ ಮೆಣಸು ಕೊಯ್ಯಬೇಕಾದರೆ ಲೈನ್ ಆಫ್ ಮಾಡಿಸಬೇಕು. ಫೈಬರ್ ಏಣಿ ತಂದಿದ್ದಾರೆ, ನಿಂತ ಏಣಿಯನ್ನು ಸರಿಸುವಂತಿಲ್ಲ. ಸಾಹುಕಾರರು ಪಕ್ಕದ ತೋಟದವರ ಜೊತೆ ಸೇರಿ ಒಂದು ಎಇಡಿ ಕೊಂಡು ಕಣದ ಗೋಡೆಗೆ ಹಾಕಿಸಿದ್ದಾರೆ, ನೆಟ್‌ವರ್ಕ್ ಸಿಗುವುದೂ ಅಲ್ಲೇ. ತರಬೇತಿಗೆ ಮೊದಲು ಕೂರಿಸಿದ್ದು ಪಿಕಪ್ ಮತ್ತು ಟ್ರ್ಯಾಕ್ಟರ್ ಚಾಲಕರನ್ನು, ಏನೇ ಆದರೂ ಮೊದಲು ಅವರನ್ನೇ ಕರೆಯುವುದರಿಂದ. ಅಸ್ಸಾಮಿನಿಂದ ಪ್ರತಿ ಕೊಯ್ಲಿಗೂ ಹೊಸಬರು ಬರುತ್ತಾರೆ. ಅವರಿಗೆ ಹೇಳಿಕೊಡುವುದು ಅವತ್ತು ಎಣಿಸುತ್ತಾ ಒತ್ತಿದ ಹುಡುಗ. ಅಕ್ಕ ಬೊಂಬೆ ಹಿಡಿದು ಪಕ್ಕದಲ್ಲಿ ಕೂರುತ್ತಾರೆ, ಯಾರಾದರೂ ಮೊಣಕೈ ಮಡಿಸಿದರೆ ತಟ್ಟಿ ನೇರ ಮಾಡುತ್ತಾರೆ.